ಕೇಳಿದ್ದನ್ನು ಬರೆಯುವವರು

ಜನಪದ ಮಹಾಕಾವ್ಯದ ಪುಸ್ತಕವೊಂದನ್ನು ಕೈಗೆತ್ತಿಕೊಂಡರೆ ಮುಖಪುಟದಲ್ಲಿ ಸಂಪಾದಕರ ಹೆಸರಿರುತ್ತದೆ, ಒಳಗೆ ಹಾಡಿದವರ ಹೆಸರೂ ಸಿಗುತ್ತದೆ. ಆ ಹಾಡನ್ನು ಸಾಲು ಸಾಲಾಗಿ ಕೇಳಿ ಬರಹಕ್ಕಿಳಿಸಿದವರ ಹೆಸರು ಎಷ್ಟೋ ಸಲ ಮುನ್ನುಡಿಯ ಕೃತಜ್ಞತೆಯಲ್ಲೇ ಮುಗಿದುಹೋಗುತ್ತದೆ. ಲಿಪೀಕರಣವೆಂದರೆ ಬರೀ ನಕಲು ತೆಗೆಯುವುದು ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಮಾತನ್ನು ಯಂತ್ರವೇ ಅಕ್ಷರವಾಗಿಸುವ ಈ ದಿನಗಳಲ್ಲಂತೂ ಅದು ಇನ್ನಷ್ಟು ಗಟ್ಟಿಯಾಗುತ್ತಿದೆ. ಆದರೆ ಈ ಕಸುಬಿನ ಚರಿತ್ರೆಯನ್ನು ನೋಡಿದರೆ ಕಾಣುವುದೇ ಬೇರೆ: ಉಪಕರಣ ಬದಲಾದಾಗಲೆಲ್ಲ ಬೆರಳಿನ ದುಡಿಮೆ ತಗ್ಗಿದೆ, ಕಿವಿಯ ಹೊಣೆ ಏರಿದೆ.

ಕಾಗದ, ಪೆನ್ಸಿಲ್ ಮಾತ್ರ ಇದ್ದ ಕಾಲದಲ್ಲಿ ಹಾಡುವವರು ಬರೆಯುವವರ ವೇಗಕ್ಕೆ ಇಳಿಯಬೇಕಿತ್ತು. ನಿಲ್ಲಿಸಿ ನಿಲ್ಲಿಸಿ, ಮಾತಿನಂತೆ ಹೇಳಿ ಬರೆಸಬೇಕಿತ್ತು. ಮೂರು ಸಾಲಿನ ತ್ರಿಪದಿಗೆ ಇದರಿಂದ ದೊಡ್ಡ ಧಕ್ಕೆಯೇನಿಲ್ಲ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲೇ ಪುಸ್ತಕವಾಯಿತು. ರಾತ್ರಿಯಿಡೀ ಹಾಡುವ ಮಲೆಯ ಮಾದೇಶ್ವರನ ಕಾವ್ಯ ಪಿ.ಕೆ. ರಾಜಶೇಖರ ಅವರ ಸಂಪಾದನೆಯಲ್ಲಿ ಬಂದದ್ದು 1973ರಲ್ಲಿ. ಈ ಅಂತರಕ್ಕೆ ವಿದ್ವಾಂಸರ ಅಭಿರುಚಿಯೂ ಕಾರಣವಿದ್ದೀತು, ಆದರೆ ಕೈಬರಹದ ಮಿತಿಯನ್ನು ಮರೆಯುವಂತಿಲ್ಲ. ಹಾಗೆಂದು ಉದ್ದದ ಕಾವ್ಯವನ್ನು ಕೈಯಲ್ಲಿ ಬರೆದುಕೊಳ್ಳುವುದು ಆಗದ ಮಾತೇನೂ ಅಲ್ಲ. 1935ರಲ್ಲಿ ಯುಗೊಸ್ಲಾವಿಯಾದ ಅವ್ದೊ ಮೆಜೆದೊವಿಚ್ 12,311 ಸಾಲಿನ ಕಾವ್ಯವನ್ನು ಹೇಳಿ ಬರೆಸಿದ. ಅದನ್ನು ಸಂಗ್ರಹಿಸಿದ ಮಿಲ್ಮನ್ ಪ್ಯಾರಿಯ ಬಳಿ ಅಲ್ಯೂಮಿನಿಯಂ ತಟ್ಟೆಯ ಮೇಲೆ ಧ್ವನಿ ಕೊರೆಯುವ ಯಂತ್ರವಿತ್ತು. ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಕೆಲವೇ ನಿಮಿಷದ ಹಾಡು. ಯಂತ್ರವಿದ್ದರೂ ಈ ಕಾವ್ಯಕ್ಕೆ ಆತ ನಂಬಿದ್ದು ಲೇಖನಿಯನ್ನು. ಬರೆದುಕೊಂಡ ಸಹಾಯಕ ನಿಕೊಲಾ ವುಯ್ನೊವಿಚ್ ಸ್ವತಃ ಹಾಡುಗಾರನಾಗಿದ್ದ, ಯಾವ ಸಾಲು ಹೇಗೆ ಕಟ್ಟಿಕೊಳ್ಳುತ್ತದೆಂದು ಬಲ್ಲವನಾಗಿದ್ದ.

ಟೇಪ್ ರೆಕಾರ್ಡರ್ ಬಂದಮೇಲೆ ಹಾಡುವವರು ನಿಲ್ಲಬೇಕಾಗಲಿಲ್ಲ. ಹಿಮ್ಮೇಳದ ಸೊಲ್ಲು, ಹೂಂಗುಟ್ಟುವ ದನಿ, ನಡುವೆ ಬರುವ ಮಾತು ಎಲ್ಲವೂ ಸುರುಳಿಯಲ್ಲಿ ಉಳಿದವು. ಪೇಚು ಶುರುವಾದದ್ದೇ ಅಲ್ಲಿಂದ. ಮತ್ತೆ ಮತ್ತೆ ಬರುವ ಸೊಲ್ಲನ್ನು ಪ್ರತಿ ಸಲವೂ ಬರೆಯಬೇಕೆ? ಉಸಿರು ನಿಂತಲ್ಲಿ ಸಾಲು ಮುರಿಯಬೇಕೆ, ಅರ್ಥ ಮುಗಿದಲ್ಲಿಯೆ? ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ತುಳು ಸಿರಿ ಕಾವ್ಯವನ್ನು ನಿರೂಪಿಸಿದರು. ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ಜೊತೆಗೂಡಿ ಅದನ್ನು ಬರಹಕ್ಕಿಳಿಸಿ, ಅನುವಾದಿಸಿ ಹೊರತರುವ ಹೊತ್ತಿಗೆ 1998 ಬಂದಿತ್ತು. ಧ್ವನಿ ಸಿಕ್ಕಿದ್ದು ದಿನಗಳಲ್ಲಿ, ಪಠ್ಯ ಸಿದ್ಧವಾದದ್ದು ವರ್ಷಗಳಲ್ಲಿ. ತುಳುವಿನ ಎಲ್ಲ ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ಅವರು ಚಿಹ್ನೆಗಳಿರುವ ರೋಮನ್ ಲಿಪಿಯನ್ನು ಆರಿಸಿಕೊಂಡರು. ಕಾವ್ಯದ ಸಾಲು 15,683, ಹೋಮರನ ‘ಇಲಿಯಡ್’ಗಿಂತ ಹತ್ತೇ ಕಡಿಮೆ. ಹೆಮ್ಮೆಪಡುವ ಹೋಲಿಕೆಯೇ ಸರಿ. ಆದರೆ ಮೌಖಿಕ ಕಾವ್ಯದಲ್ಲಿ ಸಾಲು ಎಲ್ಲಿ ಮುಗಿಯಿತೆಂದು ತೀರ್ಮಾನಿಸಿದವರು ಬರೆದವರು, ಟೇಪ್ ಅಲ್ಲ!

ಈಗಿನ ಯಂತ್ರ ಆ ತೀರ್ಮಾನಗಳನ್ನೂ ತಾನೇ ಮಾಡುತ್ತದೆ, ಮಾಡಿದೆನೆಂದು ಹೇಳದೆಯೇ. ಕೈಬರಹದಲ್ಲಿ ಕೇಳಿಸದ ಪದದ ಜಾಗ ಖಾಲಿ ಉಳಿಯುತ್ತಿತ್ತು, ಅನುಮಾನವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತಿತ್ತು. ಯಂತ್ರದ ತಪ್ಪು ಅಚ್ಚುಕಟ್ಟಾಗಿ ಬರುತ್ತದೆ. ಅದು ಕಲಿತ ಕನ್ನಡದಲ್ಲಿ ಯಾವ ಪದ ಹೆಚ್ಚು ಸಂಭವವೋ ಅದನ್ನೇ ಕೂರಿಸುತ್ತದೆ. ಹಳೇ ಮೈಸೂರಿನ ಹಳ್ಳಿಯ ಗಾಯಕ ‘ಆಲು’ ಎಂದರೆ ಪರದೆಯ ಮೇಲೆ ‘ಹಾಲು’ ಮೂಡಬಹುದು. ಮುಮ್ಮೇಳ, ಹಿಮ್ಮೇಳ ಒಂದರ ಮೇಲೊಂದು ಬಿದ್ದಲ್ಲಿ ಒಂದು ದನಿ ಕಾಣೆಯಾಗಬಹುದು. ಬರೀ ಸದ್ದಿರುವ ಕಡೆ ಯಾರೂ ಆಡದ ವಾಕ್ಯವೇ ಹುಟ್ಟಿಕೊಳ್ಳುವುದೂ ಉಂಟು.

ಹಿಂದಿನ ವಿದ್ವಾಂಸರೂ ಹಳ್ಳಿಯ ನುಡಿಯನ್ನು ತಿದ್ದಿ ‘ಶುದ್ಧ’ ಮಾಡಲಿಲ್ಲವೆ ಎಂದು ಕೇಳಬಹುದು. ಮಾಡಿದ್ದುಂಟು. ಆದರೆ ಆ ತಿದ್ದುಪಡಿಗೆ ಒಬ್ಬ ಕರ್ತೃ ಇದ್ದ, ವಿಮರ್ಶಕರು ಅವನನ್ನು ತರಾಟೆಗೆ ತೆಗೆದುಕೊಳ್ಳಬಹುದಿತ್ತು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಕ್ಷೇತ್ರಕಾರ್ಯದಲ್ಲಿ ತುಂಬಿಸಿದ ಕ್ಯಾಸೆಟ್‌ಗಳು ಬೂಸ್ಟು ಹಿಡಿಯುತ್ತಿವೆ, ಅವುಗಳನ್ನೆಲ್ಲ ಮನುಷ್ಯರೇ ಕೂತು ಬರೆಯುವಷ್ಟರಲ್ಲಿ ಕೇಳಲು ಏನೂ ಉಳಿದಿರುವುದಿಲ್ಲ. ಅರೆಬರೆ ಪಠ್ಯವಾದರೂ ಬೇಡವೆ? ಖಂಡಿತ ಬೇಕು. ಯಾವ ಕ್ಯಾಸೆಟ್‌ನಲ್ಲಿ ಯಾವ ಕಥೆಯಿದೆ ಎಂದು ಹುಡುಕಲು ಯಂತ್ರದ ಕರಡು ಧಾರಾಳವಾಗಿ ಸಾಕು, ಅಲ್ಲಿ ಅದನ್ನು ಬಳಸದಿರುವುದೇ ಹಟಮಾರಿತನ. ಅದೇ ಕರಡು ಮೂಲ ಧ್ವನಿಯ ಜೊತೆ ಒರೆಗೆ ಹಚ್ಚದೆ ಪುಸ್ತಕವಾದಾಗ ಮಾತ್ರ ಅಪಾಯ.

ಯಂತ್ರ ತಯಾರಿಸುವವರಿಗೂ ಈ ಕೊರತೆ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಕಲೆಹಾಕುತ್ತಿದೆ. ಅದರಲ್ಲಿ ಒಂದು ಪಾಲನ್ನು ಮನುಷ್ಯರೇ ಕೇಳಿ ಬರೆಯುತ್ತಾರೆ. ಇಂಥ ಬರಹದಿಂದಲೇ ಯಂತ್ರ ಕಲಿಯುವುದು. ಹಾಗಾಗಿ, ಬರೆಯಲು ಕೂತವರಿಗೆ ಆಯಾ ಸೀಮೆಯ ನುಡಿ ಗೊತ್ತಿದೆಯೇ, ‘ಆಲು’ ಕೇಳಿಸಿದಾಗ ‘ಆಲು’ ಎಂದೇ ಬರೆಯಬೇಕೆಂದು ಅವರಿಗೆ ಹೇಳಲಾಗಿದೆಯೇ ಎಂಬುದನ್ನು ಜಾನಪದ ವಿಭಾಗಗಳೂ ಕೂತು ಚರ್ಚಿಸಬೇಕಾಗಿದೆ, ಎಂಜಿನಿಯರುಗಳಷ್ಟೇ ಅಲ್ಲ.