ಹಳೆಯ ನೆಗೆಟಿವೂ ಮನೆಯ ಸ್ಕ್ಯಾನರೂ

ಹೋದ ಬೇಸಗೆಯಲ್ಲಿ ನಮ್ಮ ಮನೆಯ ಅಟ್ಟವನ್ನು ಗುಡಿಸುವಾಗ ತಗಡಿನ ಡಬ್ಬಿಯೊಂದು ದೊರೆಯಿತು. ಮುಚ್ಚಳವನ್ನು ತೆರೆದೊಡನೆಯೇ ಹುಳಿ ವಾಸನೆ ಮೂಗಿಗೆ ಅಡರಿತು. ಒಳಗಿದ್ದುದು ಕಪ್ಪು-ಬಿಳುಪು ಫಿಲ್ಮಿನ ನೆಗೆಟಿವುಗಳು. ಅವುಗಳಿಂದ ಅಚ್ಚುಹಾಕಿಸಿದ್ದ ಫೋಟೊಗಳು ಎಂದೋ ಗೆದ್ದಲಿಗೆ ಆಹುತಿಯಾಗಿದ್ದವು. ನಮ್ಮ ಅಜ್ಜಿಯ ಯೌವನದ ಮುಖ ಉಳಿದಿದ್ದುದು ಈ ಪಟ್ಟಿಗಳಲ್ಲಿ ಮಾತ್ರ.

ಆ ವಾಸನೆ ಎಲ್ಲಿಯದು? ಇಂಥ ಫಿಲ್ಮಿನ ತಳಪದರವು ಸೆಲ್ಯುಲೋಸ್ ಅಸಿಟೇಟ್ ಎಂಬ ವಸ್ತು. ಸೆಕೆಯಲ್ಲಿಯೂ ತೇವದಲ್ಲಿಯೂ ಅದು ಮೆಲ್ಲಮೆಲ್ಲನೆ ಒಡೆದು ಅಸಿಟಿಕ್ ಆಮ್ಲವನ್ನು, ಎಂದರೆ ವಿನಿಗರಿನ ಹುಳಿಯನ್ನು, ಹೊರಬಿಡುತ್ತದೆ. ಹೊರಬಿದ್ದ ಆಮ್ಲವೇ ಈ ಕೇಡನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ಆದುದರಿಂದ ಫಿಲ್ಮು ಕುಗ್ಗಿ ಸುಕ್ಕುಗಟ್ಟುವ ಮೊದಲೇ ಚಿತ್ರದ ಪ್ರತಿಯನ್ನು ತೆಗೆದಿಡಬೇಕು.

ಕಾಗದವನ್ನು ಇಡುವಂತೆ ನೆಗೆಟಿವನ್ನು ಫ್ಲ್ಯಾಟ್‌ಬೆಡ್ ಸ್ಕ್ಯಾನರಿನ ಗಾಜಿನ ಮೇಲಿಟ್ಟರೆ ಸಾಲದೆ? ಸಾಲದು, ನಮಗೆ ದೊರೆಯುವುದು ಮಬ್ಬಾದ ಕಪ್ಪು ತುಂಡು ಮಾತ್ರ. ಕಾಗದದ ಚಿತ್ರವನ್ನು ನಾವು ಪ್ರತಿಫಲಿತ ಬೆಳಕಿನಿಂದ ಕಾಣುತ್ತೇವೆ. ನೆಗೆಟಿವನ್ನಾದರೋ ಅದರ ಮೂಲಕ ಹಾದುಬಂದ ಬೆಳಕಿನಿಂದ. ಸಾಮಾನ್ಯ ಸ್ಕ್ಯಾನರಿನಲ್ಲಿ ದೀಪವೂ ಬೆಳಕನ್ನು ಅಳೆಯುವ ಸಂವೇದಕವೂ ಗಾಜಿನ ಕೆಳಗೇ ಇರುತ್ತವೆ. ಫಿಲ್ಮಿಗೆ ಬೇಕಾದುದು ಮುಚ್ಚಳದಲ್ಲಿಯೂ ದೀಪವಿರುವ ಸ್ಕ್ಯಾನರು.

ಇನ್ನು ಸ್ವಲ್ಪ ಲೆಕ್ಕ. 35 ಮಿ.ಮೀ. ಫಿಲ್ಮಿನ ಒಂದು ಚಿತ್ರ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಅಂಗುಲಕ್ಕೆ 300 ಚುಕ್ಕೆಗಳಂತೆ ಓದಿದರೆ ಉದ್ದಕ್ಕೆ 425, ಅಗಲಕ್ಕೆ 283. ಒಟ್ಟು ಸುಮಾರು 1.2 ಲಕ್ಷ ಚುಕ್ಕೆಗಳು. 2400ರಂತೆ ಓದಿದರೆ ಅದರ 64 ಪಟ್ಟು, ಎಂದರೆ ಸುಮಾರು 77 ಲಕ್ಷ! ಹಾಗೆಂದು ಸಂಖ್ಯೆಯನ್ನು ಏರಿಸುತ್ತಲೇ ಹೋಗುವುದರಿಂದ ಫಲವಿಲ್ಲ. ಸ್ಕ್ಯಾನರಿನ ಮಸೂರವು ಬೇರ್ಪಡಿಸಲಾರದ ವಿವರವನ್ನು ಹೆಚ್ಚು ಚುಕ್ಕೆಗಳು ತಂದುಕೊಡಲಾರವು.

ಫಿಲ್ಮು ಗಾಜಿಗೆ ತಗಲಿದರೆ ನಡುವಿನ ತೆಳುವಾದ ಗಾಳಿಪದರದಿಂದ ನ್ಯೂಟನ್ ಉಂಗುರಗಳು ಮೂಡುತ್ತವೆ. ಅದಕ್ಕಾಗಿಯೇ ಫಿಲ್ಮನ್ನು ಚೌಕಟ್ಟಿನಲ್ಲಿ ಕೂರಿಸುವುದು. ಫಿಲ್ಮು ಮಗುಚಿ ಬಿದ್ದರೆ ಎಡಹೆಗಲ ಸೆರಗು ಬಲಕ್ಕೆ ಬಂದೀತು.

ಧೂಳನ್ನು ಅವಕೆಂಪು ಕಿರಣಗಳಿಂದ ಗುರುತಿಸಿ ಅಳಿಸುವ ಉಪಾಯವೂ ಕೆಲವು ಸ್ಕ್ಯಾನರುಗಳಲ್ಲುಂಟು. ಬಣ್ಣದ ನೆಗೆಟಿವಿನ ವರ್ಣಗಳು ಆ ಕಿರಣಗಳನ್ನು ಹಾದುಹೋಗಗೊಡುತ್ತವೆ, ಧೂಳು ತಡೆಯುತ್ತದೆ. ಕಪ್ಪು-ಬಿಳುಪು ಚಿತ್ರವಾದರೋ ಸಾಮಾನ್ಯವಾಗಿ ಬೆಳ್ಳಿಯ ಕಣಗಳಿಂದ ಆದುದು. ಬೆಳ್ಳಿಯೂ ಅವನ್ನು ತಡೆಯುವುದರಿಂದ ಯಂತ್ರವು ಅಜ್ಜಿಯನ್ನೇ ಧೂಳೆಂದು ತಿಳಿದೀತು! ಇಲ್ಲಿ ಮೃದುವಾದ ಕುಂಚವೇ ಗತಿ.

ಕೊನೆಗೆ ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳುಪಾಗಿಯೂ ಬಿಳುಪನ್ನು ಕಪ್ಪಾಗಿಯೂ ತಿರುಗಿಸಿದೆವು. ಅಜ್ಜಿಯ ಮುಖ ಮೂಡಿತು. ಕೆನ್ನೆಯ ಮೇಲೊಂದು ಸುಕ್ಕು ಕಾಣಿಸಿತು. ಅದು ವಯಸ್ಸಿನದಲ್ಲ, ಫಿಲ್ಮಿನದು. ನಾವು ಇನ್ನೂ ತಡಮಾಡಿದ್ದರೆ ಮುಖವೇ ಉಳಿಯುತ್ತಿರಲಿಲ್ಲ. ವಾಚಕರು ತಮ್ಮ ಮನೆಯ ಡಬ್ಬಿಗಳನ್ನು ಒಮ್ಮೆ ತೆರೆದು ಮೂಸಿ ನೋಡಲಿ. ಹುಳಿ ವಾಸನೆ ಬಂದ ಫಿಲ್ಮಿನಿಂದಲೇ ಕೆಲಸವನ್ನು ಆರಂಭಿಸಲಿ. ಪ್ರತಿ ದೊರೆತ ಮೇಲೆ ಮೂಲವನ್ನು ಎಸೆಯಕೂಡದು. ತಂಪಾದ ಒಣ ಜಾಗದಲ್ಲಿ, ಉಳಿದ ಫಿಲ್ಮುಗಳಿಂದ ಬೇರೆಯಾಗಿ ಇಡಬೇಕು.