ಒಬ್ಬರೇ ದ್ವೀಪಕ್ಕೆ ಹೊರಡುವಾಗ

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮ್ಮ ಮನೆಗಳಲ್ಲಿ ಪ್ರವಾಸವೆಂದರೆ ಬಹುಮಟ್ಟಿಗೆ ಯಾತ್ರೆ. ಯಾತ್ರೆಯೆಂದರೆ ಇಡೀ ಬಸ್ಸು, ಜೊತೆಗೆ ಅಡುಗೆಯವರು, ಪಾತ್ರೆಪಗಡ. ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಎಂದು ಕೂಗುವ ಹಿರಿಯರೊಬ್ಬರು ಅದರಲ್ಲಿ ಇದ್ದೇ ಇರುತ್ತಾರೆ. ಅಂಗಡಿಯಲ್ಲಿ ತಂದೆಯ ಪಕ್ಕ ಕೂರುವ ಮಗನೋ, ಬೆಂಗಳೂರಿನಲ್ಲಿ ಓದುವ ಮಗಳೋ ಒಂದು ಚೀಲ ಬೆನ್ನಿಗೇರಿಸಿ ಒಬ್ಬರೇ ಹೋಗಿ ಬರುತ್ತೇವೆಂದರೆ, ಅದೂ ಸಮುದ್ರದ ನಡುವಿನ ದ್ವೀಪಕ್ಕೆಂದರೆ, ಮನೆಯವರಿಗೆ ಎರಡು ಭಯ: ನೀರಿನದು ಒಂದು, ನಿಯಮ ತಪ್ಪೀತೆಂಬುದು ಇನ್ನೊಂದು. ಎರಡೂ ಸುಮ್ಮನೆ ತಳ್ಳಿಹಾಕುವಂಥವಲ್ಲ. ಆದರೂ ಕಳುಹಿಸಬೇಕೆಂದೇ ನಮ್ಮ ಅಭಿಪ್ರಾಯ. ಸಿದ್ಧಚಕ್ರ ವ್ರತದಲ್ಲಿ ಕೇಳುವ ಶ್ರೀಪಾಲನ ಕಥೆಯೂ ಹಡಗಿನ ಕಥೆಯೇ ತಾನೆ? ಅಲ್ಲಿ ಶ್ರೀಪಾಲನಿಗೆ ಅಪಾಯ ತಂದದ್ದು ಸಮುದ್ರವಲ್ಲ, ಜೊತೆಗಿದ್ದ ಧವಳ ಸೇಠನ ಬುದ್ಧಿ.

ಮೊದಲ ಸಲಕ್ಕೆ ಉಡುಪಿ ಜಿಲ್ಲೆ ಒಳ್ಳೆಯದು. ಕಾರ್ಕಳದಿಂದ ಹೆಬ್ರಿಯ ದಾರಿಯಲ್ಲಿ ವರಂಗ ಸಿಗುತ್ತದೆ. ಅಲ್ಲಿಯ ಕೆರೆಬಸದಿ ನೀರಿನ ನಡುವೆ ನಿಂತ ಚತುರ್ಮುಖ ಬಸದಿ. ಪುಟ್ಟ ದೋಣಿಯಲ್ಲೇ ಹೋಗಿ ದರ್ಶನ ಮಾಡಬೇಕು. ದೋಣಿಯಲ್ಲಿ ಕೂರುವ ಅಭ್ಯಾಸ ಇಲ್ಲಿ ಆಗಲಿ. ಮರುದಿನ ಮಲ್ಪೆ ಬಂದರಿನಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗುತ್ತ ಕಂಬಕಂಬವಾಗಿ ಸೀಳಿದ ಬಂಡೆಗಳು ಅಲ್ಲಿವೆ. ಭಾರತ ಮಡಗಾಸ್ಕರ್‌ನಿಂದ ಬೇರೆಯಾದ ಕಾಲದ ಗುರುತು ಅವು ಎನ್ನುತ್ತಾರೆ ವಿಜ್ಞಾನಿಗಳು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದನೆಂಬ ಮಾತೂ ಉಂಟು.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಸಮುದ್ರದ ಬೋಟು ನಿಂತಿರುತ್ತದೆ. ನಮಗೂ ಅದು ಚಾತುರ್ಮಾಸದ ಕಾಲ. ಕಾರ್ತಿಕ ಕಳೆದ ಮೇಲೆ, ಬಿಸಿಲು ಏರುವ ಮೊದಲು ಹೊರಟರೆ ಎರಡಕ್ಕೂ ಸರಿ.

ಒಬ್ಬರೇ ಹೋದಾಗ ನೆನಪಿಸುವವರಿಲ್ಲ. ಆದ್ದರಿಂದ ದಿನದ ಲೆಕ್ಕವನ್ನು ಬೋಟಿನ ಕೊನೆಯ ಹೊತ್ತು, ಸೂರ್ಯಾಸ್ತ ಇವೆರಡರಿಂದ ಹಿಂದಕ್ಕೆ ಎಣಿಸಬೇಕು. ಹಿಂದೂಪುರದಿಂದ ಮಧ್ಯಾಹ್ನದೊಳಗೆ ರೈಲು ಹತ್ತಿದರೆ ಬೆಂಗಳೂರಿನಲ್ಲಿ ಹೊತ್ತಿರುವಾಗಲೇ ಉಂಡು ರಾತ್ರಿ ಬಸ್ಸು ಹಿಡಿಯಬಹುದು. ಕಲ್ಯಾಣದುರ್ಗದವರು ಬೆಳಿಗ್ಗೆಯೇ ಹೊರಡಬೇಕು. ಇನ್ನೊಂದು ಸೂಕ್ಷ್ಮ: ಮಲ್ಪೆ ನಮ್ಮೂರಿಗಿಂತ ಪಶ್ಚಿಮಕ್ಕಿದೆ, ಹಿಂದೂಪುರಕ್ಕಿಂತ ಅಲ್ಲಿ ಸೂರ್ಯ ಸುಮಾರು 11 ನಿಮಿಷ ತಡವಾಗಿ ಮುಳುಗುತ್ತಾನೆ. ಸಂಜೆ ಅಷ್ಟು ಲಾಭ. ಆದರೆ ಹುಟ್ಟುವುದೂ ತಡವೇ. ನವಕಾರಸಿ ಪಾಲಿಸುವವರು ಊರಿನ ಪಂಚಾಂಗ ನೋಡಿ ಬಾಯಿಗೆ ನೀರು ಹಾಕಬಾರದು.

ಚೀಲದಲ್ಲಿ ಮೊದಲ ಜಾಗ ನೀರಿಗೆ. ಸೋಸಿದ ನೀರಿನ ಮರ್ಯಾದೆ 48 ನಿಮಿಷ, ಲವಂಗದಂಥದ್ದು ಹಾಕಿ ಪ್ರಾಸುಕ ಮಾಡಿದರೆ 6 ಗಂಟೆ, ಚೆನ್ನಾಗಿ ಕುದಿಸಿದರೆ 24 ಗಂಟೆ. ಮನೆಯಲ್ಲಿ ಕುದಿಸಿ ತುಂಬಿದ ನೀರು ಮರುದಿನದ ಹೊತ್ತಿಗೇ ತೀರಿತು. ಸೋಸುವ ದಪ್ಪ ಬಟ್ಟೆ, ಎರಡು ಸ್ಟೀಲ್ ಬಾಟಲಿ, ಅರ್ಧ ಲೀಟರಿನ ಕರೆಂಟ್ ಕೆಟಲ್ ಇದ್ದರೆ ಯಾವ ಲಾಡ್ಜಿನಲ್ಲಾದರೂ ನಡೆಯುತ್ತದೆ. ದ್ವೀಪಕ್ಕೆ ಹೋಗುವ ಬೆಳಿಗ್ಗೆ ಕುದಿಸಿ ತುಂಬಿಕೊಂಡರೆ ಆಯಿತು. ಅಲ್ಲಿ ಉಪ್ಪುನೀರೇ ಹೊರತು ಬೇರೆ ನಂಬಬೇಡಿ.

ತಿನಿಸಿಗೆ ನಮ್ಮ ಸೀಮೆಯವರು ಕಷ್ಟಪಡಬೇಕಾಗಿಲ್ಲ. ಹುರಿದ ಕಡಲೆಕಾಯಿ, ಹುರಿಗಡಲೆ, ಹಿಂದೂಪುರದ ಬೆಲ್ಲ, ಮಂಡಕ್ಕಿ ಸಾಕು. (ಕಡಲೆಕಾಯಿ ನೆಲದೊಳಗೆ ಬೆಳೆದರೂ ಗೆಡ್ಡೆಯಲ್ಲ, ಬೀಜ, ಆ ಚರ್ಚೆ ದಾರಿಯಲ್ಲಿ ಬೇಡ.) ಖಾಖ್ರಾ ಒಯ್ಯುವವರು ಹಿಟ್ಟಿನ ಮರ್ಯಾದೆ ನೋಡಲಿ: ಚಳಿಗಾಲಕ್ಕೆ 7 ದಿನ, ಬೇಸಿಗೆಗೆ 5, ಮಳೆಗಾಲಕ್ಕೆ 3. ಮೂರು ದಿನದ ತಿರುಗಾಟಕ್ಕೆ ಧಾರಾಳವಾಯಿತು.

ಉಳಿದದ್ದು ಕಡಿಮೆಯಿದ್ದಷ್ಟೂ ಒಳ್ಳೆಯದು. ಎರಡು ಜೊತೆ ಹತ್ತಿಬಟ್ಟೆ, ಒಂದು ಪಂಚೆಯೋ ಟವೆಲ್ಲೋ, ಟೋಪಿ, ಟಾರ್ಚು, ಗುರುತಿನ ಚೀಟಿ, ಚಿಲ್ಲರೆ ನೋಟು. ಚರ್ಮದ ಬೆಲ್ಟು, ಪರ್ಸು ಹೇಗೂ ನಮಗೆ ವರ್ಜ್ಯ. ಉಪ್ಪುಗಾಳಿಗೂ ಅವು ಬಾಳವು. ಬೋಟಿನಿಂದ ಇಳಿಯುವಾಗ ಮೊಣಕಾಲು ನೀರು ಸಿಗಬಹುದು, ರಬ್ಬರ್ ಚಪ್ಪಲಿ ಇರಲಿ. ಫೋನು, ಹಣ ಪ್ಲಾಸ್ಟಿಕ್ ಚೀಲದೊಳಗೆ. ಖಾಲಿ ಪೊಟ್ಟಣ ಮರಳಿ ನಮ್ಮ ಚೀಲಕ್ಕೇ.

ಇನ್ನು ನೀರಿನ ಭಯ. ಬೋಟಿನಲ್ಲಿ ಲೈಫ್ ಜಾಕೆಟ್ ಹಾಕಿಕೊಳ್ಳದೆ ಕೂರಬಾರದು. ದ್ವೀಪದಲ್ಲಿ ಪಾಚಿ ಹತ್ತಿದ ಬಂಡೆಯ ತುದಿಗೆ ಹೋಗಬಾರದು, ಈಜು ಬಂದರೂ ನೀರಿಗೆ ಇಳಿಯಬಾರದು. 2022ರ ಏಪ್ರಿಲ್‌ನಲ್ಲಿ ಕೇರಳದ ಮೂವರು ವಿದ್ಯಾರ್ಥಿಗಳು ಇಲ್ಲೇ ಸಮುದ್ರದ ಪಾಲಾದರು, ಅವರು ಒಂಟಿಯಾಗಿ ಬಂದವರಲ್ಲ, ಗುಂಪಿನೊಂದಿಗೆ ಬಂದವರು. ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಹಿಂತಿರುಗುವ ಕೊನೆಯ ಬೋಟು ಎಷ್ಟು ಹೊತ್ತಿಗೆಂದು ಹತ್ತುವ ಮೊದಲೇ ಕೇಳಿ, ಅದಕ್ಕಿಂತ ಒಂದು ಬೋಟು ಮೊದಲೇ ಹೊರಟು ಬನ್ನಿ. ದಡ ಸೇರಿ ಕೈಕಾಲು ತೊಳೆದು ಉಣ್ಣಲು ಹೊತ್ತಿರಬೇಕಲ್ಲ.

ಹೋಗುವ ಊರು, ತಂಗುವ ಜಾಗ, ಬಸ್ಸಿನ ಹೊತ್ತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಇಟ್ಟು ಹೋಗಲಿ. ಬೋಟು ಹತ್ತುವಾಗ ಒಂದು ಫೋನು, ದಡಕ್ಕೆ ಬಂದಾಗ ಒಂದು. ಮನೆಯವರೂ ನಡುವೆ ಹತ್ತು ಸಲ ಕರೆ ಮಾಡದೆ ಅಂಗಡಿ ನೋಡಿಕೊಳ್ಳಲಿ.