ವ್ಯಯಕ್ರಿಯಾಭಾರಿಕವಾದ ಆಕರ: ಸೆಲೆಬಿ-ಫಿಕ್ವೆಯ ನಿಕಲ್ ಗಣಿ

ಕೌಟಿಲ್ಯನ ಅರ್ಥಶಾಸ್ತ್ರದ ದ್ವಿತೀಯಾಧಿಕರಣದಲ್ಲಿ ಆಕರಾಧ್ಯಕ್ಷನ ಕರ್ತವ್ಯಗಳು ನಿರೂಪಿತವಾಗಿವೆ. ಅಲ್ಲಿ ಬರುವ 'ವ್ಯಯಕ್ರಿಯಾಭಾರಿಕ' ಎಂಬ ಪದವು ವಿಚಾರಾರ್ಹವಾದುದು. ವೆಚ್ಚದಿಂದಲೂ ಕೆಲಸದಿಂದಲೂ ಭಾರವಾದ ಗಣಿಯನ್ನು ಅರಸನು ಪಾಲಿಗಾಗಲಿ ಗುತ್ತಿಗೆಗಾಗಲಿ ಅನ್ಯರಿಗೆ ಕೊಡಬೇಕು, ಹಗುರವಾದುದನ್ನು ತಾನೇ ನಡೆಯಿಸಬೇಕು ಎಂದು ಅಲ್ಲಿನ ವಿಧಿ. ಪಾಠಹೇಳುವಾಗ ನಾವು ಈ ಭಾರವೆಂದರೆ ಅಗೆಯುವ ಶ್ರಮವೆಂದಷ್ಟೇ ಅರ್ಥಮಾಡಿ ಮುಂದೆ ಸಾಗುವುದುಂಟು. ಅದಿರು ನೆಲದಲ್ಲಿರುವಾಗಲೇ ಗಣಿಯೊಂದು ಭಾರದಿಂದ ಮುಳುಗುವ ಬಗೆಯನ್ನು ಆಫ್ರಿಕಾಖಂಡದ ದಕ್ಷಿಣಭಾಗದಲ್ಲಿರುವ ಬೋಟ್ಸ್ವಾನಾ ದೇಶದ ನಿಕಲ್ ಗಣಿಯೊಂದರ ವೃತ್ತಾಂತದಿಂದ ತಿಳಿಯಬಹುದು.

ನಿಕಲ್ ಎಂಬ ಹೆಸರಿನಲ್ಲಿಯೇ ಆಶಾಭಂಗದ ಕಥೆಯಿದೆ. ಜರ್ಮನಿಯ ಗಣಿಗಾರರು ತಾಮ್ರವರ್ಣದ ಒಂದು ಅದಿರನ್ನು ಎಷ್ಟು ಕಾಯಿಸಿದರೂ ತಾಮ್ರವು ದೊರೆಯದಿರಲು, ಇದು ನಿಕಲ್ ಎಂಬ ಕುಚೇಷ್ಟೆಯ ಪಿಶಾಚದ ಕೆಲಸವೆಂದು ಬಗೆದು ಅದಕ್ಕೆ 'ಕುಪ್ಫರ್‌ನಿಕಲ್' ಎಂದು ಹೆಸರಿಟ್ಟರು. 1751ರಲ್ಲಿ ಸ್ವೀಡನ್ ದೇಶದ ಕ್ರೋನ್‌ಸ್ಟೆಟ್ ಎಂಬ ಪಂಡಿತನು ಇದೊಂದು ಪ್ರತ್ಯೇಕ ಲೋಹವೆಂದು ತೋರಿಸಿ, ಹೆಸರಿನ ಉತ್ತರಾರ್ಧವನ್ನೇ ಅದಕ್ಕೆ ಉಳಿಸಿಕೊಂಡನು. ತುಕ್ಕುಹಿಡಿಯದ ಉಕ್ಕಿಗೂ, ನಾಣ್ಯಗಳಿಗೂ, ವಿದ್ಯುತ್ಕೋಶಗಳಿಗೂ ಈ ಲೋಹವು ಬೇಕಾಗಿದೆ.

ಬೋಟ್ಸ್ವಾನಾ ದೇಶವು 1966ರಲ್ಲಿ ಸ್ವತಂತ್ರವಾಯಿತು. ಅದರ ಪೂರ್ವಭಾಗದಲ್ಲಿರುವ ಸೆಲೆಬಿ ಮತ್ತು ಫಿಕ್ವೆ ಎಂಬೆರಡು ಎಡೆಗಳಲ್ಲಿ ನಿಕಲ್-ತಾಮ್ರಗಳ ಅದಿರು ಆ ದಶಕದಲ್ಲಿಯೇ ಗೊತ್ತಾಗಿತ್ತು. 1970ರ ದಶಕದ ಆದಿಯಲ್ಲಿ ಕೆಲಸವು ಮೊದಲಾಯಿತು. ಇದಕ್ಕಾಗಿ ಶಾಷೆ ನದಿಗೆ ಅಣೆಕಟ್ಟು, ಮೊರುಪುಲೆಯ ಕಲ್ಲಿದ್ದಲ ಗಣಿ, ವಿದ್ಯುದಾಗಾರ, ರೈಲುದಾರಿ, ಜನರ ವಾಸಕ್ಕೆ ಪಟ್ಟಣ, ಇಷ್ಟೂ ಹೊಸದಾಗಿ ನಿರ್ಮಾಣವಾಗಬೇಕಾಯಿತು. ಭಾರವು ಇಲ್ಲಿಂದಲೇ ಆರಂಭ.

ಇನ್ನು ಶೋಧನಕ್ರಮ. ಇಲ್ಲಿಯ ಅದಿರಿನಲ್ಲಿ ನೂರು ತೂಕಕ್ಕೆ ನಿಕಲ್ ಸುಮಾರು ಒಂದು ತೂಕ ಮಾತ್ರ. ಅದು ಮುಖ್ಯವಾಗಿ ಕಬ್ಬಿಣ, ನಿಕಲ್, ಗಂಧಕಗಳು ಕೂಡಿದ ಪೆಂಟ್ಲಂಡೈಟ್ ಎಂಬ ಖನಿಜದಲ್ಲಿರುತ್ತದೆ. ಜೊತೆಗೆ ತಾಮ್ರವನ್ನು ಕೊಡುವ, ನಮ್ಮ ರಸಶಾಸ್ತ್ರಜ್ಞರು ಸ್ವರ್ಣಮಾಕ್ಷಿಕವೆಂದು ಕರೆದ ಖನಿಜವೂ ಉಂಟು. ಅದಿರನ್ನು ಭೂಗರ್ಭದಿಂದ ಮೇಲೆತ್ತಿ, ಒಡೆದು, ನೀರಿನೊಡನೆ ನುಣ್ಣಗೆ ಅರೆಯುತ್ತಾರೆ. ಆ ಬಗ್ಗಡಕ್ಕೆ ಕೆಲವು ದ್ರವ್ಯಗಳನ್ನು ಬೆರಸಿ ಗಾಳಿಯೂದಿದರೆ, ಗಂಧಕಯುಕ್ತ ಖನಿಜದ ಕಣಗಳು ನೀರನ್ನು ಒಲ್ಲದೆ ಗುಳ್ಳೆಗಳಿಗೆ ಅಂಟಿ ನೊರೆಯಾಗಿ ತೇಲುತ್ತವೆ. ಬರಿಯ ಕಲ್ಲಿನ ಹುಡಿಯು ಕೆಳಗುಳಿಯುತ್ತದೆ. ಈ ಕ್ರಿಯೆಗೆ 'ಪ್ಲವನ'ವೆಂಬ ಹೆಸರು ಒಪ್ಪುವುದು.

ನೊರೆಯಿಂದ ದೊರೆತ ಹುಡಿಯನ್ನು ಒಣಗಿಸಿ, ಪ್ರಾಣವಾಯು ಬೆರೆತ ಬಿಸಿಗಾಳಿಯೊಡನೆ ಕುಲುಮೆಯೊಳಕ್ಕೆ ಸುರಿಯುತ್ತಾರೆ. ಅದರಲ್ಲಿರುವ ಗಂಧಕವೂ ಕಬ್ಬಿಣವೂ ಉರಿದು ತಾವೇ ಶಾಖವನ್ನು ಬಹುಮಟ್ಟಿಗೆ ಒದಗಿಸುತ್ತವೆ. ಕಬ್ಬಿಣವು ಮರಳಿನೊಡನೆ ಸೇರಿ ಕಿಟ್ಟವಾಗಿ ಮೇಲೆ ನಿಲ್ಲುತ್ತದೆ. ನಿಕಲ್, ತಾಮ್ರ, ಉಳಿದ ಗಂಧಕಗಳು ಸೇರಿದ 'ಮ್ಯಾಟ್' ಎಂಬ ರಸವು ಕೆಳಗಿಳಿಯುತ್ತದೆ. ಇದಕ್ಕೆ ಮತ್ತೆ ಗಾಳಿಯೂದಿ ಮಿಕ್ಕ ಕಬ್ಬಿಣವನ್ನು ನೀಗಿಸಿದಾಗ, ನಿಕಲ್-ತಾಮ್ರಗಳೆರಡೂ ಸೇರಿ ಮುಕ್ಕಾಲುಪಾಲಿಗೂ ಮಿಕ್ಕಿರುವ ಗಟ್ಟಿ ದೊರೆಯುತ್ತದೆ. ಗಂಧಕದ ಹೊಗೆಯು ಎತ್ತರದ ಚಿಮಣಿಯಿಂದ ಪಟ್ಟಣದ ಗಾಳಿಯನ್ನು ಸೇರುತ್ತಿತ್ತು.

ಇಷ್ಟಾದರೂ ಇದು ಶುದ್ಧಲೋಹವಲ್ಲ. ಎರಡು ಲೋಹಗಳನ್ನು ಬೇರ್ಪಡಿಸುವ ಕಡೆಯ ಸಂಸ್ಕಾರವು ಬೋಟ್ಸ್ವಾನಾದಲ್ಲಿ ನಡೆಯಲಿಲ್ಲ. ಗಟ್ಟಿಯು ಮೊದಲು ಅಮೆರಿಕದ ಲೂಯಿಸಿಯಾನಾಕ್ಕೂ, ಅನಂತರ ನಾರ್ವೆಯ ಕ್ರಿಸ್ಟಿಯಾನ್‌ಸಾಂಡ್‌ಗೂ, ನೆರೆಯ ಜಿಂಬಾಬ್ವೆಗೂ ಹೋಗಬೇಕಾಗಿತ್ತು. ನೆಲವೂ ದುಡಿಮೆಯೂ ಹೊಗೆಯೂ ಈ ದೇಶದವು. ಲೋಹವು ಲೋಹವೆನಿಸಿದುದು ಪರದೇಶದಲ್ಲಿ. ಮೇಲಾಗಿ, ಇಂತಹ ಕುಲುಮೆಯನ್ನು ಬೇಕಾದಾಗ ಹೊತ್ತಿಸಿ ಬೇಡವಾದಾಗ ಆರಿಸಲಾಗದು. ಅದರ ಹಸಿವನ್ನು ತಣಿಸಲು ಫ್ರಾನ್ಸಿಸ್‌ಟೌನಿನ ಬಳಿಯ ತಾಟಿ ಗಣಿಯಿಂದಲೂ ದಕ್ಷಿಣ ಆಫ್ರಿಕಾದ ಎನ್‌ಕೊಮಾಟಿಯಿಂದಲೂ ಹುಡಿಯನ್ನು ತರಿಸಲಾಗುತ್ತಿತ್ತು.

ನಿಕಲ್ಲಿನ ಬೆಲೆಯು ಜಗತ್ತಿನ ಪೇಟೆಯಲ್ಲಿ ನಿರ್ಣಯವಾಗತಕ್ಕದ್ದು. 2007ರಲ್ಲಿ ಟನ್ನಿಗೆ 50,000 ಡಾಲರುಗಳನ್ನು ಮೀರಿದ್ದ ಬೆಲೆಯು 2016ರಲ್ಲಿ 10,000ಕ್ಕಿಂತ ಕೆಳಗಿಳಿಯಿತು. ಆಳವಾಗುತ್ತ ಹೋದ ಗಣಿಯ ಖರ್ಚು, ವಿಸ್ತರಣೆಗಾಗಿ ಹೊತ್ತ ಹಣದ ಹೊಣೆ, ಇವುಗಳನ್ನು ತಾಳಲಾರದೆ ಸರ್ಕಾರದ ಒಡೆತನದಲ್ಲಿದ್ದ ಈ ಗಣಿಯು ಅದೇ ವರ್ಷ ಅಕ್ಟೋಬರಿನಲ್ಲಿ ಮುಚ್ಚಿತು. ಸುಮಾರು 5,000 ಕೆಲಸಗಾರರು ಜೀವನೋಪಾಯವನ್ನು ಕಳೆದುಕೊಂಡರು. ಗಣಿಯನ್ನೇ ನಂಬಿದ್ದ ಪಟ್ಟಣವು ಕಂಗೆಟ್ಟಿತು. ಆದರೆ ಅದಿರು ಮುಗಿದಿರಲಿಲ್ಲ. 2022ರಲ್ಲಿ ಸೆಲೆಬಿಯ ಗಣಿಗಳು ಬೇರೊಂದು ಸಂಸ್ಥೆಗೆ ವಿಕ್ರಯವಾಗಿ, ಅಲ್ಲಿ ಭೂಗರ್ಭದ ಅನ್ವೇಷಣೆಯು ಪುನಃ ನಡೆದುದೇ ಇದಕ್ಕೆ ಪ್ರಮಾಣ.

ಆದುದರಿಂದ ಪ್ರಕೃತ ಪದದಲ್ಲಿರುವ ಭಾರವು ಗುದ್ದಲಿಯ ಭಾರ ಮಾತ್ರವಲ್ಲ. ನೀರು, ಇದ್ದಲು, ಕುಲುಮೆ, ದಾರಿ, ದೂರದ ಪೇಟೆ ಇವೆಲ್ಲವೂ ಆ ತಕ್ಕಡಿಯಲ್ಲಿಯೇ ತೂಗಬೇಕಾದವು. ಕೌಟಿಲ್ಯನು ವ್ಯಯವನ್ನೂ ಕ್ರಿಯೆಯನ್ನೂ ಬೇರೆಬೇರೆಯಾಗಿ ಹೇಳಿರುವುದು ಪುನರುಕ್ತಿಯಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಅವನ ವಿಧಿಯು ಅರಸನ ಬೊಕ್ಕಸವನ್ನು ಕಾಯುವುದೇ ಹೊರತು ಗಣಿಯನ್ನು ನಂಬಿ ನೆಲಸಿದ ಜನರ ಗತಿಯನ್ನು ಅಲ್ಲಿ ಹೇಳುವುದಿಲ್ಲ. ಈ ಪ್ರಕರಣವನ್ನು ಪಾಠಹೇಳುವವರು ಆ ಕೊರತೆಯನ್ನೂ ವಿದ್ಯಾರ್ಥಿಗಳಿಗೆ ತೋರಿಸತಕ್ಕದ್ದು.